ರೇಷನ್ ಅಕ್ಕಿ ಮಾರ್ಕೊಳ್ಳೋರ ಮೇಲೆ ಇಷ್ಟೊಂದು ಸಿಟ್ಟು ಯಾಕೆ?

ಬೇಳೆಸಾರು
ಅನ್ನಭಾಗ್ಯದ ಅಕ್ಕಿ ಮಾರೋ ವಿಡಿಯೋ ಮತ್ತೆ ಎಲ್ಲಾ ಗ್ರೂಪಲ್ಲೂ ಓಡಾಡ್ತಿದೆ. ಒಂದು ಲಗೇಜ್ ಆಟೋ, ಒಂದು ತಕ್ಕಡಿ, ನಾಲ್ಕೈದು ಜನ ಹೆಂಗಸ್ರು ಚೀಲ ಹಿಡ್ಕೊಂಡು ನಿಂತಿದಾರೆ, ಅಷ್ಟೇ. ಕೆಳಗಡೆ ಬಂದಿರೋ ಬೈಗುಳ ಓದಿದ್ರೆ ವಿಧಾನಸೌಧಾನೇ ಹರಾಜಿಗಿಟ್ಟಿದಾರೇನೋ ಅನ್ಸುತ್ತೆ. ಕಾರ್ಡ್ ಕಿತ್ಕೊಳ್ಳಿ, ಜೈಲಿಗೆ ಹಾಕಿ, ಸೋಮಾರಿಗಳು, ಇನ್ನೂ ಏನೇನೋ.

ನಂದೊಂದೇ ಪ್ರಶ್ನೆ. ತಲೆಗೆ ತಿಂಗಳಿಗೆ 10 ಕೆಜಿ ಅಂದ್ರೆ ದಿನಕ್ಕೆ 333 ಗ್ರಾಂ ಅಕ್ಕಿ. ಮಗೂಗೂ ಅಷ್ಟೇ, ಎಂಬತ್ತು ವರ್ಷದ ಅಜ್ಜಿಗೂ ಅಷ್ಟೇ. ಉಣ್ಣೋಕೆ ಆಗದೆ ಉಳಿದಿದ್ದನ್ನ ಏನ್ ಮಾಡ್ಬೇಕು ಅವ್ರು? ಬರೀ ಅನ್ನ ಕಲಸ್ಕೊಂಡು ತಿನ್ನೋಕಾಗುತ್ತಾ, ಸಾರಿಗೆ ಬೇಳೆ ಬೇಕು, ಒಗ್ಗರಣೆಗೆ ಎಣ್ಣೆ ಬೇಕು, ಉಪ್ಪು ಹುಳಿ ಖಾರ ಬೇಕು, ಬೇಯ್ಸೋಕೆ ಗ್ಯಾಸ್ ಬೇಕು. ಇದ್ಯಾವ್ದೂ ಅಂಗಡಿಯವನು ಅಕ್ಕಿ ತಗೊಂಡು ಕೊಡಲ್ಲ, ದುಡ್ಡು ಕೇಳ್ತಾನೆ. ಆ ಅಕ್ಕಿ ದುಡ್ಡಾಗಿದ್ದೇ ಊರೆಲ್ಲಾ ಆಡಿಟರ್ ಆಗ್ಬಿಡ್ತಾರೆ.

ಸಿಲ್ಕ್‌ಬೋರ್ಡ್ ಸಂತ್ರಸ್ತ
ಬೈಕೊಳ್ಳಿ, ಆದ್ರೂ ಹೇಳ್ತೀನಿ. ನನ್ನ ಸಂಬಳದಲ್ಲಿ ಕೈಗೆ ಬರೋಕ್ಮುಂಚೆನೇ ಟ್ಯಾಕ್ಸ್ ಹೋಗುತ್ತೆ, ಆಮೇಲೆ ಕಾರಿಗೆ ರೋಡ್ ಟ್ಯಾಕ್ಸು, ಪೆಟ್ರೋಲಿಗೆ ಟ್ಯಾಕ್ಸು, ರೋಡ್ ನೋಡಿದ್ರೆ ಗುಂಡಿ. ಸರಿ ಹಸಿದೋರಿಗೆ ಹೋಗ್ಲಿ ಅಂತ ಸುಮ್ನಿರ್ತೀನಿ. ಆದ್ರೆ ಹಸಿವು ಅಂತ ಹೇಳಿ ತಗೊಂಡಿದ್ದನ್ನ ಮಾರಿದ್ರೆ ಹಸಿವು ಇರ್ಲಿಲ್ಲ ಅಂತ ತಾನೇ ಅರ್ಥ? ಹಸಿವಿಗೆ ಅಂತ ಕೊಟ್ಟಿದ್ದು ಹೊಟ್ಟೆಗೇ ಹೋಗ್ಬೇಕು. ಇದ್ರಲ್ಲಿ ಬಡವರ ವಿರೋಧಿ ಏನಿದೆ ನಂಗರ್ಥ ಆಗ್ತಿಲ್ಲ.

ಮೂರೆಕ್ರೆ ಗೌಡ
ಸಂತ್ರಸ್ತರೆ ನಿಮ್ ಜೊತೆ ನಾನಿದೀನಿ. ಈ ಭಾಗ್ಯ ಬಂದ್ಮೇಲೆ ನಮ್ಮೂರಲ್ಲಿ ನಾಟಿಗೆ ಆಳು ಸಿಗಲ್ಲ, ಕಳೆ ಕೀಳೋಕೆ ಸಿಗಲ್ಲ, ಸಿಕ್ಕಿದ್ರೂ ಹತ್ತು ಗಂಟೆಗೆ ಬಂದು ನಾಲ್ಕಕ್ಕೆ ಎದ್ದು ಹೋಗ್ತಾರೆ. ಮನೇಲಿ ಮೂಟೆ ಅಕ್ಕಿ ಇದ್ರೆ ಯಾರು ಬಂದು ಕೆಸರಲ್ಲಿ ನಿಲ್ತಾರೆ ಹೇಳಿ. ಮಾರೋದು ಬೇರೆ ಕೇಡು, ಆ ಅಕ್ಕಿನ ಮಿಲ್ಲವನು ಪಾಲಿಶ್ ಹೊಡ್ದು ಹೊಸ ಚೀಲಕ್ಕೆ ಹಾಕಿ ಸಣ್ಣಕ್ಕಿ ಅಂತ ಮಾರ್ತಾನೆ, ನಾನು ಬೆಳೆದ ಭತ್ತಕ್ಕೆ ರೇಟ್ ಇಲ್ಲ.

ಜೋಳದ ರೊಟ್ಟಿ
ಗೌಡ್ರ, ಆಳು ಸಿಗಂಗಿಲ್ಲ ಅಂದ್ರ ಕೂಲಿ ಕಮ್ಮಿ ಆಗ್ಯದ ಅಂತ ಅರ್ಥ ರೀ. ನಮ್ಮ ಕಡೆ ಕಲಬುರಗಿ ಯಾದಗಿರಿ ಮಂದಿ ಅನ್ನಭಾಗ್ಯದ ಕಾರ್ಡ್ ಇಟ್ಕೊಂಡೇ ಬೆಂಗಳೂರು ಪುಣೆ ಬಾಂಬೆ ಅಂತ ಸೆಂಟ್ರಿಂಗ್ ಕೆಲಸಕ್ಕ ಗುಳೆ ಹೊಂಟಾರ. ಮನ್ಯಾಗ ಅಕ್ಕಿ ಅದ ಅಂತ ಮಲ್ಕೊಂಡವ್ರು ಹಂಗ್ಯಾಕ ಹೋಗ್ತಿದ್ರು? ಮೊದಲ ಏನಿತ್ತಂದ್ರ ಹೊಟ್ಟಿಗಿಲ್ಲ ಅಂತ ಕೊಟ್ಟಷ್ಟು ಕೂಲಿಗೆ ಬರ್ತಿದ್ರು. ಈಗ ಒಂದ್ ವಾರ ಕೂತು ಉಣ್ಣೂವಷ್ಟು ಅದ, ಅದಕ್ಕ ಇಷ್ಟ್ ಕೊಟ್ರ ಬರ್ತೀವಿ ಅಂತಾರ. ಅದ ನಿಮಗ ಸೋಮಾರಿತನ ಕಾಣಸ್ತದ.

ಇನ್ನೊಂದು ಮಾತು. ನಮ್ಮ ಮಂದಿ ಉಣ್ಣೂದು ಜೋಳ. ಮೂರೂ ಹೊತ್ತು ಅನ್ನ ತಿಂದ್ರ ಹೊಟ್ಟಿ ತುಂಬಿದಂಗ ಅನಸೂದಿಲ್ಲ. ಹತ್ತು ಕೆಜಿ ಅಕ್ಕಿ ಕೊಟ್ಟು ಮಾರಬ್ಯಾಡ ಅಂದ್ರ ಹೆಂಗ? ಜೋಳ ಕೊಡ್ರಿ, ಒಂದ್ ಕಾಳು ಹೊರಗ ಹೋಗೂದಿಲ್ಲ. ಕೊಡ್ತೀವಿ ಅಂತಾರ, ಒಂದಿಷ್ಟು ತಿಂಗಳು ಕೊಡ್ತಾರ, ಸ್ಟಾಕ್ ಮುಗೀತು ಅಂತ ಮತ್ತ ಅಕ್ಕಿನ.

ಕುಚ್ಚಲಕ್ಕಿ ಗಂಜಿ
ನಮ್ಮ ದಕ್ಷಿಣ ಕನ್ನಡದ್ದೂ ಅದೇ ಕತೆ ಮಾರಾಯ್ರೆ. ಇಲ್ಲಿ ಬೆಳ್ತಿಗೆ ಅಕ್ಕಿ, ಅಂದ್ರೆ ಕುದಿಸದ ಬಿಳಿ ಅಕ್ಕಿ, ಊಟ ಮಾಡುವವರು ಎಷ್ಟು ಜನ ಉಂಟು? ಕುಚ್ಚಲಕ್ಕಿ ಕೊಡಿ ಅಂತ ವರ್ಷಾನುಗಟ್ಟಲೆಯಿಂದ ಬೇಡಿಕೆ ಉಂಟು, ಎಲ್ಲಾ ಪಕ್ಷದವರೂ ಹೂಂ ಅಂತಾರೆ. ಬಂದ ಬೆಳ್ತಿಗೆಯಲ್ಲಿ ನೀರುದೋಸೆಗೆ, ಪುಂಡಿಗೆ ಬೇಕಾದ್ದು ಇಟ್ಟು ಉಳಿದದ್ದು ಕೋಳಿಗೆ ಹಾಕ್ತಾರೆ ಇಲ್ಲ ಮಾರ್ತಾರೆ. ಆ ದುಡ್ಡಿಗೆ ಮತ್ತಷ್ಟು ಸೇರಿಸಿ ಕುಚ್ಚಲಕ್ಕಿ ತರ್ತಾರೆ. ಅಕ್ಕಿ ಮಾರಿ ಅಕ್ಕಿ ತರುವುದು! ಇದರಲ್ಲಿ ಕಳ್ಳತನ ಎಂತದ್ದು?

ಸಿಲ್ಕ್‌ಬೋರ್ಡ್ ಸಂತ್ರಸ್ತ
ಊಟಕ್ಕೆ ಬದಲಾಗಿ ಊಟ ತಂದ್ರೆ ನಂದೇನೂ ತಕರಾರಿಲ್ಲ. ತರ್ತಾರೆ ಅಂತ ಏನ್ ಗ್ಯಾರಂಟಿ? ಮನೆ ಯಜಮಾನ ಸಂಜೆ ಬಾರಿಗೆ ತಗೊಂಡು ಹೋಗಲ್ವಾ?

ಲೆಕ್ಕದ ಮೇಷ್ಟ್ರು
ಬಾರ್ ವಿಷಯ ಬಂತಲ್ಲ, ಬರುತ್ತೆ ಅಂತ ಕಾಯ್ತಾ ಇದ್ದೆ. ಬಡವರ ಕೈಗೆ ದುಡ್ಡು ಕೊಟ್ರೆ ಕುಡಿತ ಸಿಗರೇಟಿಗೆ ಹೋಗುತ್ತಾ ಅನ್ನೋದನ್ನ ಇವಾನ್ಸ್ ಮತ್ತು ಪೊಪೋವಾ ಅನ್ನೋ ಇಬ್ರು ವಿಶ್ವಬ್ಯಾಂಕ್‌ನಲ್ಲಿದ್ದಾಗ ಬೇರೆ ಬೇರೆ ದೇಶದ 19 ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದ್ರು, 2014ರಲ್ಲಿ ಮೊದಲು ಬಂತು. ಒಟ್ಟಾರೆ ನೋಡಿದ್ರೆ ಖರ್ಚು ಹೆಚ್ಚಾಗಿಲ್ಲ, ಕೆಲವು ಕಡೆ ಸ್ವಲ್ಪ ಕಮ್ಮೀನೇ ಆಗಿದೆ. ಕುಡಿಯೋನು ಅಕ್ಕಿ ಇಲ್ದಿದ್ರೂ ಕುಡೀತಾನೆ, ಹೆಂಡ್ತಿ ಕೂಲಿ ದುಡ್ಡಲ್ಲೇ ಕುಡೀತಾನೆ. ಅದು ಬೇರೆ ರೋಗ, ರೇಷನ್ ಚೀಲಕ್ಕೆ ಅದನ್ನ ಕಟ್ಟಬೇಡಿ.

ಇನ್ನೊಂದು, 2013ರ ಆಹಾರ ಭದ್ರತೆ ಕಾಯ್ದೆ ಪ್ರಕಾರ ಕಾರ್ಡಲ್ಲಿ ಮನೆ ಮುಖ್ಯಸ್ಥರು ಅಂತ ಇರ್ಬೇಕಾಗಿದ್ದು 18 ದಾಟಿದ ಹಿರಿಯ ಹೆಂಗಸು. 2023ರಲ್ಲಿ ಸರ್ಕಾರ ಅರ್ಧ ಅಕ್ಕಿ ಬದಲು ದುಡ್ಡು ಕೊಟ್ಟಾಗ್ಲೂ ಅದು ಮುಖ್ಯಸ್ಥರ ಖಾತೆಗೇ ಹೋಗಿದ್ದು.

ಸಿಲ್ಕ್‌ಬೋರ್ಡ್ ಸಂತ್ರಸ್ತ
ಮೇಷ್ಟ್ರೆ, ಆ 19 ಅಧ್ಯಯನದಲ್ಲಿ ನಮ್ಮ ಏರಿಯಾ ವೈನ್ ಶಾಪ್ ಇರ್ಲಿಲ್ಲ ಅನ್ಸುತ್ತೆ 😀

ಲೆಕ್ಕದ ಮೇಷ್ಟ್ರು
ನಿಮ್ಮ ಏರಿಯಾ ವೈನ್ ಶಾಪಲ್ಲಿ ರಾತ್ರಿ ಹತ್ತಕ್ಕೆ ಕ್ಯೂ ನಿಲ್ಲೋರು ಯಾವ ಕಂಪನಿ ಐಡಿ ಕಾರ್ಡ್ ಹಾಕ್ಕೊಂಡಿರ್ತಾರೆ ಒಮ್ಮೆ ನೋಡಿ ಹೇಳಿ.

ನ್ಯಾಯಬೆಲೆ
ನಾನು ಸೊಸೈಟಿ ಅಂಗಡಿ ನಡೆಸೋನು, ಊರು ಕೇಳ್ಬೇಡಿ. ಸುಮಾರು ಜನ ಗೊತ್ತಿಲ್ದೆ ಮಾತಾಡ್ತಿದೀರ ಅದಕ್ಕೆ ಬರೀತಿದೀನಿ. ಮೊದಲನೇದು ರೇಷನ್ ಅಕ್ಕಿ ಮಾರೋದು ಕಾನೂನು ಪ್ರಕಾರ ತಪ್ಪು, ಕೊಳ್ಳೋನ ಮೇಲೆ ಅಗತ್ಯ ವಸ್ತುಗಳ ಕಾಯ್ದೆ ಕೇಸ್ ಬೀಳುತ್ತೆ, ಮಾರಿದವರ ಕಾರ್ಡೂ ಹೋಗ್ಬಹುದು. ಅದು ಇರ್ಲಿ. ನಡೆಯೋದು ಹೆಂಗೆ ಅಂದ್ರೆ, ಅಕ್ಕಿ ಹಂಚೋ ದಿನ ಗಾಡಿಯವನಿಗೆ ನನಗಿಂತ ಮುಂಚೆ ಗೊತ್ತಿರುತ್ತೆ. ಅಂಗಡಿ ಮುಂದೆ ಬರಲ್ಲ, ಎರಡು ತಿರುವು ಆಚೆ ನಿಂತಿರ್ತಾನೆ. ಇಲ್ಲಿ ಹೆಬ್ಬೆಟ್ಟು ಒತ್ತಿ ತಗೊಂಡ ಚೀಲ ಅಲ್ಲಿ ಇಳಿಯುತ್ತೆ. ಕೆಜಿಗೆ ಹದಿನೈದು, ಜಾಸ್ತಿ ಅಂದ್ರೆ ಇಪ್ಪತ್ತು. ತೂಕದಲ್ಲಿ ಹೊಡೆಯೋದು ಬೇರೆ, ಅವನ ತಕ್ಕಡೀಲಿ ಹತ್ತು ಕೆಜಿ ಅನ್ನೋದು ಒಂಬತ್ತರ ಹತ್ರ ತೋರ್ಸುತ್ತೆ, ಯಾರೂ ಕೇಳಲ್ಲ, ಕೇಳೋಕೆ ಧೈರ್ಯ ಎಲ್ಲಿಂದ ಬರ್ಬೇಕು ತಾವೇ ಕದ್ದು ಮಾರ್ತಾ ಇರೋವಾಗ. ಕೆಲವು ಕಡೆ ದುಡ್ಡೂ ಕೊಡಲ್ಲ, ಈರುಳ್ಳಿ, ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಬುಟ್ಟಿ ಕೊಟ್ಟು ಅಕ್ಕಿ ತುಂಬ್ಕೊಂಡು ಹೋಗ್ತಾನೆ.

ಎಲ್ರೂ ಮಾರ್ತಾರೆ ಅನ್ನೋದು ಸುಳ್ಳು. ಪೂರ್ತಿ ಮಾರೋ ಕಾರ್ಡ್‌ಗಳು ಯಾವ್ದು ಅಂತ ನಂಗೂ ಗೊತ್ತು ಊರಿಗೂ ಗೊತ್ತು, ಅವು ನಿಜವಾಗ್ಲೂ ಬೇಕಿಲ್ಲದ ಕಾರ್ಡ್‌ಗಳು. ಮಿಕ್ಕವ್ರು ಅರ್ಧ ಮಾರ್ತಾರೆ ಅರ್ಧ ತಿಂತಾರೆ. ತಿಂಗಳ ಕೊನೇಲಿ ಅವ್ರೇ ಬಂದು ಯಾರಾದ್ರೂ ಬಿಟ್ಟಿರೋ ಅಕ್ಕಿ ಇದ್ಯಾ ಅಂತ ಕೇಳ್ತಾರೆ.

ಬೇಳೆಸಾರು
@ನ್ಯಾಯಬೆಲೆ ಸರ್ ಈ ಕೊನೇ ಸಾಲು ಎಲ್ರೂ ಎರಡು ಸಲ ಓದ್ಬೇಕು. ತಿಂಗಳ ಮೊದಲ ವಾರ ಮಾರಿದವರೇ ಕೊನೇ ವಾರ ಅಕ್ಕಿ ಹುಡುಕ್ಕೊಂಡು ಬರ್ತಾರೆ ಅಂದ್ರೆ ಹಸಿವು ಇಲ್ಲ ಅಂತಲ್ಲ, ಮೊದಲ ವಾರದಲ್ಲಿ ಹಸಿವಿಗಿಂತ ತುರ್ತಾಗಿದ್ದು ಏನೋ ಇತ್ತು ಅಂತ. ಸಂಘದ ಕಂತು ಇರುತ್ತೆ, ಮಗು ಜ್ವರಕ್ಕೆ ಡಾಕ್ಟರ್ ಫೀಸು ಇರುತ್ತೆ. ವಾರದ ಸಂಘದವರು ಬಾಗಿಲಿಗೆ ಬಂದು ಕೂತ್ರೆ ಅಕ್ಕಿ ಮೂಟೆ ತೋರ್ಸಿ ಸಮಾಧಾನ ಮಾಡೋಕಾಗಲ್ಲ.

ಡಾಲರ್ ರಂಗ
ಅಮೆರಿಕದಲ್ಲಿ ಕೂತು ಇದನ್ನ ಓದ್ತಾ ನಗು ಬರ್ತಿದೆ, ಯಾಕಂದ್ರೆ ಇಲ್ಲೂ ಇದೇ ಜಗಳ, ಸಾಮಾನು ಮಾತ್ರ ಬೇರೆ. ಇಲ್ಲಿ ಬಡವರಿಗೆ ಸ್ನ್ಯಾಪ್ ಅಂತ ಸರ್ಕಾರದ ಆಹಾರ ನೆರವು ಇದೆ, ಹಿಂದೆ ಫುಡ್ ಸ್ಟ್ಯಾಂಪ್ ಅಂತಿದ್ರು, ಸುಮಾರು ನಾಲ್ಕು ಕೋಟಿ ಜನಕ್ಕೆ ಸಿಗುತ್ತೆ. ಅಕ್ಕಿ ಕೊಡಲ್ಲ, ಡೆಬಿಟ್ ಕಾರ್ಡ್ ತರದ್ದು ಕೊಡ್ತಾರೆ, ಅಂಗಡೀಲಿ ಉಜ್ಜಿ ತಿನ್ನೋ ಸಾಮಾನು ತಗೋಬಹುದು. ಮದ್ಯ, ತಂಬಾಕು, ಸೋಪು, ಔಷಧಿ ಬರಲ್ಲ. ಬಿಸಿ ಊಟಾನೂ ಬರಲ್ಲ. ಅಂದ್ರೆ ಬೇಯಿಸಿದ ಕೋಳಿ ತಣ್ಣಗಿದ್ರೆ ತಗೋಬಹುದು, ಅದೇ ಕೋಳಿ ಬಿಸಿ ಇದ್ರೆ ಆಗಲ್ಲ, ನಿಜವಾಗ್ಲೂ ರೂಲ್ ಇರೋದೇ ಹಂಗೆ. ಈಗ ಹೊಸದಾಗಿ ಕೂಲ್‌ಡ್ರಿಂಕ್ಸ್ ಮೇಲೆ ಬಿದ್ದಿದಾರೆ. 2025ರಲ್ಲಿ ಮೊದಲು ನೆಬ್ರಾಸ್ಕ ರಾಜ್ಯಕ್ಕೆ ಸೋಡಾ, ಎನರ್ಜಿ ಡ್ರಿಂಕ್ ನಿಲ್ಲಿಸೋಕೆ ಅನುಮತಿ ಸಿಕ್ತು, 2026ರ ಜನವರಿ 1ರಿಂದ ಅದೂ ಅಯೋವಾ, ಇಂಡಿಯಾನಾ, ಯೂಟಾ, ವೆಸ್ಟ್ ವರ್ಜೀನಿಯಾನೂ ಶುರು ಮಾಡಿದಾವೆ. ಕ್ಯೂನಲ್ಲಿ ಮುಂದೆ ನಿಂತವರ ಕಾರ್ಟಲ್ಲಿ ಏನಿದೆ ಅಂತ ಇಣುಕಿ ನೋಡೋದು ಇಲ್ಲಿ ರಾಷ್ಟ್ರೀಯ ಕ್ರೀಡೆ.

ಕುಚ್ಚಲಕ್ಕಿ ಗಂಜಿ
ಕೋಳಿ ತಣ್ಣಗಿದ್ರೆ ಹಕ್ಕು, ಬಿಸಿ ಇದ್ರೆ ಐಷಾರಾಮ. ಎಂತ ರೂಲ್ ಮಾರಾಯ್ರೆ 😂

ಸಿಲ್ಕ್‌ಬೋರ್ಡ್ ಸಂತ್ರಸ್ತ
ನೋಡಿ ಅಮೆರಿಕಾದವ್ರೇ ಕಂಟ್ರೋಲ್ ಹಾಕ್ತಿದಾರೆ. ಕೊಡೋನಿಗೆ ಕೇಳೋ ಹಕ್ಕು ಇದೆ ಅಂತ ಆಯ್ತಲ್ಲ.

ಬೇಳೆಸಾರು
ಕೊಡೋನು ಯಾರು ಅನ್ನೋದೇ ಇಲ್ಲಿ ತಕರಾರು. ಹಳೇ ಟ್ಯಾಕ್ಸ್ ಪದ್ಧತೀಲಿ ಮನೆ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದ ತನಕ ವಿನಾಯಿತಿ ಇದೆ. ಅದ್ರಿಂದ ಉಳಿದ ದುಡ್ಡಲ್ಲಿ ಗೋವಾಗೆ ಹೋದ್ರಾ ಮಗಳ ಫೀಸ್ ಕಟ್ಟಿದ್ರಾ ಅಂತ ಯಾರಾದ್ರೂ ವಿಡಿಯೋ ಮಾಡ್ತಾರಾ? ಆ ಅಕ್ಕಿ ಮಾರೋ ಹೆಂಗಸೂ ಸೋಪಿಗೆ, ಚಪ್ಪಲಿಗೆ, ಮೊಬೈಲ್ ರೀಚಾರ್ಜಿಗೆ ಜಿಎಸ್‌ಟಿ ಕಟ್ತಾಳೆ ಅಲ್ವಾ. ಟ್ಯಾಕ್ಸ್ ಕಟ್ಟೋರು ಬೇರೆ ಜಾತಿ, ತಗೊಳ್ಳೋರು ಬೇರೆ ಜಾತಿ ಅನ್ನೋ ತರ ಮಾತಾಡ್ಬೇಡಿ. ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರು ಅಂತ ಗಾದೆ ಇದೆ, ತಗೊಂಡವರನ್ನ ಆಡಿಕೊಳ್ಳೋಕೆ. ಈಗ ಕೊಟ್ಟವರೇ ಹಿತ್ತಲಿಗೆ ಬಂದು ಮೊಳ ಹಾಕ್ತಿದಾರೆ.

ಸಿಲ್ಕ್‌ಬೋರ್ಡ್ ಸಂತ್ರಸ್ತ
ವಿನಾಯಿತಿ ಅಂದ್ರೆ ನಾನು ದುಡಿದ ದುಡ್ಡು ನಂಗೇ ಬಿಟ್ಟಿದ್ದು ಮೇಡಂ. ಅಕ್ಕಿ ಬೇರೆಯವರು ದುಡಿದಿದ್ದು. ಎರಡೂ ಒಂದೇ ಅಲ್ಲ. ಗಾದೆ ಮಾತ್ರ ಚೆನ್ನಾಗಿದೆ.

ಮೂರೆಕ್ರೆ ಗೌಡ
ನಂದೂ ಒಂದ್ ಮಾತು, ಬೇಕಿಲ್ಲದ ಕಾರ್ಡ್ ಅಂದ್ರಲ್ಲ ಸೊಸೈಟಿಯವ್ರು, ಅದನ್ನ ಯಾಕೆ ಯಾರೂ ಹಿಡ್ಕೊಳ್ಳಲ್ಲ? ಬಿಪಿಎಲ್‌ಗೆ ವರ್ಷದ ಆದಾಯ 1.20 ಲಕ್ಷದ ಒಳಗಿರ್ಬೇಕು, ಸ್ವಂತಕ್ಕೆ ಕಾರ್ ಇರ್ಬಾರ್ದು, ಇನ್‌ಕಮ್ ಟ್ಯಾಕ್ಸ್ ಕಟ್ಟಿರ್ಬಾರ್ದು ಅಂತೆಲ್ಲಾ ರೂಲ್ ಇದೆ. ನಮ್ಮೂರಲ್ಲಿ ಮೂರಂತಸ್ತು ಮನೆಯವನ ಹತ್ರ ಕಾರ್ಡಿದೆ, ಗುಡಿಸಲಲ್ಲಿರೋ ಒಬ್ಳು ಮುದುಕಿ ಕಾರ್ಡ್ ಇನ್ನೂ ಆಗಿಲ್ಲ.

ಲೆಕ್ಕದ ಮೇಷ್ಟ್ರು
ಗೌಡ್ರೆ, 2024ರ ನವೆಂಬರಲ್ಲಿ ಅದಕ್ಕೇ ಕೈ ಹಾಕಿದ್ರು, ನೆನಪಿದ್ಯಾ? ಅರ್ಹರಲ್ಲದವರ ಕಾರ್ಡ್ ತೆಗೀತೀವಿ ಅಂತ ಹೊರಟ್ರು, ನಿಜವಾದ ಬಡವರದ್ದೂ ಸೇರ್ಕೊಂಡು ಹೋಯ್ತು ಅಂತ ಗಲಾಟೆ ಎದ್ದು ಸರ್ಕಾರ ಹಿಂದೆ ಸರೀಬೇಕಾಯ್ತು. ಟ್ಯಾಕ್ಸ್ ಕಟ್ಟದೇ ಇದ್ರೂ ಸಾಲಕ್ಕೋಸ್ಕರ ರಿಟರ್ನ್ ಫೈಲ್ ಮಾಡೋರು ಇರ್ತಾರೆ. 1.20 ಲಕ್ಷ ಅಂದ್ರೆ ತಿಂಗಳಿಗೆ 10 ಸಾವಿರ. ಇವತ್ತು ಗಂಡ ಹೆಂಡ್ತಿ ಇಬ್ರೂ ಕೂಲಿಗೆ ಹೋದ್ರೆ ಆ ಗೆರೆ ದಾಟ್ಬಿಡ್ತಾರೆ. ಗೆರೆನೇ ಸುಳ್ಳು ಇದ್ದಾಗ ಎಲ್ರೂ ಸುಳ್ಳು ಹೇಳಿಯೇ ಒಳಗೆ ಬರ್ಬೇಕು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ. ಅನ್ನಭಾಗ್ಯ ಶುರುವಾಗಿದ್ದು 2013ರ ಜುಲೈನಲ್ಲಿ, ಮನೆಗೆ 30 ಕೆಜಿ ತನಕ, ಕೆಜಿಗೆ 1 ರೂಪಾಯಿ. 2015ರಲ್ಲಿ ಪುಕ್ಕಟೆ ಆಯ್ತು. ಆಮೇಲೆ ತಲೆಗೆ ಇಷ್ಟು ಅಂತ ಆಗಿ 7 ಕೆಜಿ, 5 ಕೆಜಿ ಅಂತ ಏರಿ ಇಳಿದು 2023ರಲ್ಲಿ 10 ಕೆಜಿ ಗ್ಯಾರಂಟಿ ಬಂತು. ಅದ್ರಲ್ಲಿ 5 ಕೆಜಿ ಕೇಂದ್ರದ್ದು, ಉಳಿದ 5 ಕೆಜಿ ರಾಜ್ಯ ಹೊಂದಿಸ್ಬೇಕು. ಕೇಂದ್ರದ ಆಹಾರ ನಿಗಮ ಎಫ್‌ಸಿಐ ಅಕ್ಕಿ ಮಾರಲ್ಲ ಅಂತು. ಅದಕ್ಕೆ 2023ರ ಜುಲೈಯಿಂದ ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕಿದ್ರು. 2025ರ ಫೆಬ್ರವರಿಯಲ್ಲಿ ಕೇಂದ್ರ ಕೆಜಿಗೆ 22.50ಕ್ಕೆ ಕೊಡ್ತೀನಿ ಅಂದಿದ್ದಕ್ಕೆ ದುಡ್ಡು ನಿಲ್ಸಿ ಮತ್ತೆ ಅಕ್ಕಿ.

ನಾಲ್ಕು ಜನರ ಮನೆ ತಗೊಳ್ಳಿ. ದುಡ್ಡು ಬರ್ತಿದ್ದಾಗ ತಿಂಗಳಿಗೆ 680. ಈಗ ಅದರ ಬದಲು 20 ಕೆಜಿ ಅಕ್ಕಿ, ರಾಜ್ಯಕ್ಕೆ ಬೀಳೋ ಖರ್ಚು 450. ಆಕೆ ಅದನ್ನ ಹದಿನೈದರಂತೆ ಗಾಡಿಯವನಿಗೆ ಕೊಟ್ರೆ ಕೈಗೆ 300. ಕೇಂದ್ರಕ್ಕೆ ಆ ಅಕ್ಕಿ ಕೊಂಡು, ಸಾಗಿಸಿ, ಗೋದಾಮಲ್ಲಿಡೋಕೆ ಕೆಜಿಗೆ 40ರ ಹತ್ರ ಬಿದ್ದಿರುತ್ತೆ, ಅಂದ್ರೆ ಒಟ್ಟು 800ರ ಆಸುಪಾಸು. ಸಾರ್ವಜನಿಕರ 800 ರೂಪಾಯಿ ಖರ್ಚಾಗಿ ಬಡವಿ ಕೈಗೆ 300 ಸೇರಿದೆ. ಮಧ್ಯದ ದುಡ್ಡು ಎಲ್ಲಿ ಹೋಯ್ತು? ಸಂತ್ರಸ್ತರು ಸಿಟ್ಟಾಗ್ಬೇಕಾಗಿದ್ದು ಆ 500ರ ಮೇಲೆ. ವಿಡಿಯೋ ಮಾಡಿರೋದು ಮಾತ್ರ 300 ತಗೊಂಡವಳದ್ದು.

ಜೋಳದ ರೊಟ್ಟಿ
ಖರೇ ಮಾತು ಮೇಷ್ಟ್ರ. 2023ರಾಗ ನಮ್ಮ ಶಹಾಪುರದ ಗೋದಾಮಿನ್ಯಾಗಿಂದ ಸಾವಿರಾರು ಕ್ವಿಂಟಲ್ ಅಕ್ಕಿ ಮಾಯ ಆಗಿತ್ತಲ್ಲ, ಕೋಟಿ ಲೆಕ್ಕದಾಗ. ಅಷ್ಟು ಅಕ್ಕಿ ಹೆಂಗಸ್ರು ಚೀಲದಾಗ ಹೊತ್ಕೊಂಡು ಹೋಗಾಕ ಆಗ್ತದೇನ್ರಿ? ಲಾರಿ ಬೇಕು, ಗೇಟ್ ಪಾಸ್ ಬೇಕು, ರಾತ್ರಿ ಬಾಗಲಾ ತಗ್ಯಾವ ಬೇಕು.

ಸಿಲ್ಕ್‌ಬೋರ್ಡ್ ಸಂತ್ರಸ್ತ
800/300 ಲೆಕ್ಕ ಒಪ್ಪುತೀನಿ, ಹಿಂಗ್ ಯಾರೂ ಹೇಳಿರ್ಲಿಲ್ಲ. ಹಾಗಾದ್ರೆ ದುಡ್ಡೇ ಕೊಟ್ಬಿಡಿ ಅಂತೀರಾ? 680 ಬರ್ತಿದ್ದಿದ್ದೇ ವಾಸಿ ಅಲ್ವಾ?

ಬೇಳೆಸಾರು
ಅಷ್ಟು ಸಲೀಸಲ್ಲ. ದುಡ್ಡು ಬರ್ತಿದ್ದಾಗ ನಮ್ಮ ಬೀದಿ ಹೆಂಗಸ್ರ ದೊಡ್ಡ ಗೋಳೇ ಅದು. ಕೆಲವು ತಿಂಗಳು ಬರ್ತಿರ್ಲಿಲ್ಲ, ಆಮೇಲೆ ಎರಡು ತಿಂಗಳದ್ದು ಒಟ್ಟಿಗೆ ಬಂತು ಅಂತಿದ್ರು, ಆಧಾರ್ ಯಾವ ಖಾತೆಗೆ ಲಿಂಕ್ ಆಗಿದೆ ಅಂತಾನೇ ಗೊತ್ತಿಲ್ಲ, ಯಾವತ್ತೋ ಸಬ್ಸಿಡಿಗೆ ಅಂತ ತೆಗೆದ ಖಾತೆಗೆ ಹೋಗಿ ಕೂತಿರುತ್ತೆ, ಪಾಸ್‌ಬುಕ್ ಎಂಟ್ರಿ ಮಾಡ್ಸೋಕೆ ಒಂದು ದಿನದ ಕೂಲಿ ಕಳ್ಕೊಂಡು ಹೋದ್ರೆ ಮಷೀನ್ ಕೆಟ್ಟಿದೆ ಅಂತಾರೆ. ಅಕ್ಕಿಯಾದ್ರೆ ಕಣ್ಮುಂದೆ ತೂಗ್ತಾರೆ. ಅಂಗಡೀಲಿ ಅಕ್ಕಿ ರೇಟ್ ಅರವತ್ತಾದ್ರೂ ಆ 34 ಮಾತ್ರ 34ರಲ್ಲೇ ನಿಂತಿತ್ತು.

ಲೆಕ್ಕದ ಮೇಷ್ಟ್ರು
ಸರಿಯಾಗಿ ಹೇಳಿದ್ರಿ. 2015ರ ಸೆಪ್ಟೆಂಬರಲ್ಲೇ ಚಂಡೀಗಢ, ಪುದುಚೇರಿಯಲ್ಲಿ ರೇಷನ್ ನಿಲ್ಸಿ ದುಡ್ಡು ಕೊಡೋಕೆ ಶುರು ಮಾಡಿದ್ರು. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತವರ ಜೊತೆಯವರು ಅದರ ಹಿಂದೆ ಬಿದ್ದು ಅಧ್ಯಯನ ಮಾಡಿದ್ರು. ಮೊದಮೊದಲು ಸುಮಾರು ಜನಕ್ಕೆ ದುಡ್ಡು ಬಂದಿದ್ದೇ ಗೊತ್ತಾಗ್ತಿರ್ಲಿಲ್ಲ, ಮತ್ತೆ ಅಷ್ಟೇ ಧಾನ್ಯ ಅಂಗಡೀಲಿ ತಗೊಳ್ಳೋಕೆ ಕೈಯಿಂದ ಇನ್ನಷ್ಟು ಹಾಕ್ಬೇಕಾಗ್ತಿತ್ತು. ತಿಂಗಳು ಕಳೆದ ಹಾಗೆ ಒಗ್ಗಿಕೊಂಡು ದುಡ್ಡೇ ವಾಸಿ ಅನ್ನೋರು ಜಾಸ್ತಿ ಆದ್ರು. ಬ್ಯಾಂಕ್ ಹತ್ರ ಇರೋ ಚಂಡೀಗಢದ ಮಾತನ್ನ ಬಸ್ಸೇ ಇಲ್ಲದ ಹಳ್ಳಿಗೆ ತಂದು ಅಂಟಿಸೋಕಾಗಲ್ಲ ಅನ್ನೋದು ನನ್ನ ಅಭಿಪ್ರಾಯ.

ನ್ಯಾಯಬೆಲೆ
ದುಡ್ಡು ಕೊಡ್ತಿದ್ದಾಗ ನಮ್ಮ ಕಮಿಷನ್ ಅರ್ಧ ಹೋಗಿತ್ತು ಅದನ್ನ ಯಾರೂ ಹೇಳಲ್ಲ. ಈಗ ಕ್ವಿಂಟಲ್‌ಗೆ 150 ರೂಪಾಯಿ, ಅದ್ರಲ್ಲೇ ಬಾಡಿಗೆ, ಕರೆಂಟು, ಹಮಾಲಿ. ಸರ್ವರ್ ಡೌನ್ ಆದ ದಿನ ಬೈಗುಳ ಮಾತ್ರ ಪೂರ್ತಿ ನಮ್ಗೇ. ಬಟ್ಟೆ ಒಗೆದು, ಮುಸುರೆ ತಿಕ್ಕಿ ಬೆರಳ ಗೆರೆ ಸವೆದಿರುತ್ತೆ, ಹೆಬ್ಬೆಟ್ಟು ತಗೊಳ್ಳಲ್ಲ. ಒದ್ದೆ ಬಟ್ಟೇಲಿ ಒರ್ಸಿ, ತಲೆಗೆ ಉಜ್ಜಿ ಎಣ್ಣೆ ಜಿಡ್ಡು ಹತ್ತಿಸಿ, ಬೆರಳು ಬದಲಾಯ್ಸಿ ಒತ್ತಿಸ್ತೀವಿ.

ಇನ್ನೊಂದು ಮರ್ತಿದ್ದೆ. ಜನ ಅಕ್ಕಿ ಮಾರೋಕೆ ಇನ್ನೊಂದು ಕಾರಣ ಪ್ಲಾಸ್ಟಿಕ್ ಅಕ್ಕಿ ಅನ್ನೋ ಸುದ್ದಿ. ಸಾರವರ್ಧಿತ ಅಕ್ಕಿ ಅಂತ ನೂರು ಕಾಳಿಗೆ ಒಂದು ಕಾಳಿನ ಲೆಕ್ಕದಲ್ಲಿ ಕಬ್ಬಿಣಾಂಶ ಹಾಕಿ ಮಾಡಿದ ಕಾಳು ಬೆರೆಸಿರ್ತಾರೆ. ಅದು ಬಣ್ಣದಲ್ಲಿ ಸ್ವಲ್ಪ ಬೇರೆ, ತೊಳೆಯೋವಾಗ ನೀರಲ್ಲಿ ತೇಲುತ್ತೆ. ಹೆಂಗಸ್ರು ಆರ್ಸಿ ಆರ್ಸಿ ಬಿಸಾಕ್ತಾರೆ. ರಕ್ತಹೀನತೆಗೆ ಅಂತ ಹಾಕಿದ್ದೇ ತಿಪ್ಪೆಗೆ. ಅಂಗಡಿ ಗೋಡೆಗೆ ಪೋಸ್ಟರ್ ಅಂಟ್ಸಿದೀನಿ, ಓದೋರ್ಯಾರು.

ಮೂರೆಕ್ರೆ ಗೌಡ
ಓಹೋ ಅದಾ ವಿಷ್ಯ. ನಮ್ಮನೇಲೂ ಅದನ್ನ ಪ್ಲಾಸ್ಟಿಕ್ ಅಂತಾನೇ ಎತ್ತಿ ಹಾಕೋದು.

ಸಿಲ್ಕ್‌ಬೋರ್ಡ್ ಸಂತ್ರಸ್ತ
ಗೌಡ್ರೆ ಒಂದ್ ನಿಮಿಷ, ನಿಮ್ಮನೇಲೂ ರೇಷನ್ ಅಕ್ಕಿ ಬರುತ್ತಾ???

ಮೂರೆಕ್ರೆ ಗೌಡ
ಮೂರೆಕರೆ ಜಮೀನವನಿಗೆ ಬರದೆ ಇನ್ಯಾರಿಗೆ ಬರುತ್ತೆ ಸ್ವಾಮಿ. ಏಳೂವರೆ ಎಕರೆ ಒಣಭೂಮಿ ತನಕ ರೂಲಲ್ಲೇ ಇದೆ. ಬರುತ್ತೆ, ದೋಸೆಗೆ ನೆನೆ ಹಾಕ್ತೀವಿ, ಉಳಿದಿದ್ದು ಹಸೂಗೆ ಗಂಜಿ ಕಾಯಿಸ್ತೀವಿ, ನಾವೇನು ಮಾರಲ್ಲ.

ಜೋಳದ ರೊಟ್ಟಿ
ಆಹಾ ಗೌಡ್ರ! ಅಕ್ಕಿ ತಿಂದು ಕೂಲಿ ಮಂದಿ ಸೋಮಾರಿ ಆಗ್ಯಾರ, ನಿಮ್ಮ ಆಕಳ ಏನಾತು, ಹಾಲು ಕಮ್ಮಿ ಮಾಡ್ತೇನು? 😄

ವೇದಿಕೆ ನಿರ್ವಾಹಕ
ಮೂರು ಕಾಮೆಂಟ್ ತೆಗ್ದಿದೀನಿ. ಜಾತಿ ಹೆಸರು ಹಿಡಿದು ಬೈಯೋದು ಬೇಡ, ಪಕ್ಷದ ಪೋಸ್ಟರ್ ಬೇಡ. ವಿಡಿಯೋದಲ್ಲಿರೋ ಹೆಂಗಸ್ರ ಮುಖ ಕಾಣೋ ಫೋಟೋನೂ ಹಾಕ್ಬೇಡಿ. ಮುಂದುವರೀಲಿ.

ಬೇಳೆಸಾರು
ಥ್ಯಾಂಕ್ಸ್. ಫೋಟೋ ತೆಗ್ದಿದ್ದು ಒಳ್ಳೇದಾಯ್ತು.

ಮೇಷ್ಟ್ರ ಲೆಕ್ಕಕ್ಕೆ ಒಂದು ಸೇರಿಸ್ತೀನಿ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಪೌಷ್ಟಿಕತೆ ಸಂಸ್ಥೆಯವರು 2024ರಲ್ಲಿ ಕೊಟ್ಟಿರೋ ಊಟದ ತಟ್ಟೆ ಲೆಕ್ಕದಲ್ಲಿ ದೊಡ್ಡೋರಿಗೆ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ. ಅನ್ನಭಾಗ್ಯದಲ್ಲಿ ಧಾನ್ಯ 333 ಗ್ರಾಂ, ಬೇಳೆ ಸೊನ್ನೆ. ಅಂದ್ರೆ ಸರ್ಕಾರದ ಪುಸ್ತಕ ನೋಡಿದ್ರೂ ಆಕೆಗೆ ಅಕ್ಕಿ ಜಾಸ್ತಿ ಇದೆ, ಬೇಳೆ ಇಲ್ಲ. ಜಾಸ್ತಿ ಇರೋದನ್ನ ಕೊಟ್ಟು ಇಲ್ಲದ್ದನ್ನ ತಂದ್ರೆ ಆಕೆ ತಜ್ಞರು ಹೇಳಿದ್ದನ್ನೇ ಮಾಡ್ತಿದಾಳೆ. ನಾಲ್ಕು ಜನಕ್ಕೆ ಆ ಲೆಕ್ಕದಲ್ಲಿ ತಿಂಗಳಿಗೆ ಹತ್ತು ಕೆಜಿ ಬೇಳೆಕಾಳು ಬೇಕು, 300 ರೂಪಾಯಿಗೆ ಎರಡೂವರೆ ಕೆಜಿ ತೊಗರಿಬೇಳೆ ಬಂದ್ರೆ ಪುಣ್ಯ. ಮತ್ತೆ ಇದು ಮನೇಲಿ ಅಡುಗೆ ಮಾಡೋ ಯಾರಿಗಾದ್ರೂ ಗೊತ್ತಿರೋ ವಿಷಯ, ಅಕ್ಕಿ ಡಬ್ಬ ತುಂಬಿರುತ್ತೆ ಬೇಳೆ ಡಬ್ಬ ತಳ ಕೆರೀತಿರುತ್ತೆ. ಮೆಣಸಿನಕಾಯಿ ಹುರಿದು ನೀರು ಸಾರು ಮಾಡಿ ಎಷ್ಟು ದಿನ ದೂಡ್ತಾರೆ.

ಡಾಲರ್ ರಂಗ
ಇಲ್ಲೂ ಇದೇ ವಾದ ಇದೆ, ಕೆಟ್ಟದ್ದನ್ನ ನಿಲ್ಲಿಸೋ ಬದಲು ಒಳ್ಳೇದಕ್ಕೆ ಜಾಸ್ತಿ ಕೊಡಿ ಅಂತ. ಹಣ್ಣು ತರಕಾರಿ ತಗೊಂಡ್ರೆ ಕಾರ್ಡಿಗೆ ಸ್ವಲ್ಪ ದುಡ್ಡು ವಾಪಸ್ ಹಾಕೋ ಪ್ರಯೋಗ ಮ್ಯಾಸಚೂಸೆಟ್ಸ್‌ನಲ್ಲಿ ಮಾಡಿದ್ರು, ತಿನ್ನೋದು ಹೆಚ್ಚಾಗಿತ್ತು. ಬೈದ್ರೆ ಯಾರೂ ತರಕಾರಿ ತಿನ್ನಲ್ಲ.

ಸಿಲ್ಕ್‌ಬೋರ್ಡ್ ಸಂತ್ರಸ್ತ
ಸರಿ ಹಾಗಾದ್ರೆ ಆ ಇಂದಿರಾ ಕಿಟ್ ಕತೆ ಏನು? ಅದು ಬಂದ್ರೆ ಈ ಜಗಳಾನೇ ಮುಗಿಯುತ್ತಲ್ಲ.

ಲೆಕ್ಕದ ಮೇಷ್ಟ್ರು
2025ರ ಅಕ್ಟೋಬರಲ್ಲಿ ಸಂಪುಟ ಒಪ್ಪಿಗೆ ಕೊಡ್ತು, ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು. ಅಕ್ಕಿ ಕಳ್ಳದಾರಿ ಹಿಡಿಯೋದು ತಪ್ಪುತ್ತೆ ಅನ್ನೋದೂ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ನನಗೆ ದಿಕ್ಕು ಸರಿ ಅನ್ಸುತ್ತೆ. ಮಾರೋದು ಪೂರ್ತಿ ನಿಲ್ಲಲ್ಲ, ಬೇಳೆನೂ ಮಾರ್ತಾರೆ ಕೆಲವರು. ಆದ್ರೆ ಅಂಗಡಿ ಬೆಲೆಗೂ ಗಾಡಿಯವನ ಬೆಲೆಗೂ ಅಷ್ಟು ದೊಡ್ಡ ಅಂತರ ಇರಲ್ಲ, ಯಾಕಂದ್ರೆ ಎಲ್ಲಾ ಮನೇಲೂ ಬೇಕಾಗಿರೋದೇ ಅದು.

ಜೋಳದ ರೊಟ್ಟಿ
ಬ್ಯಾಳಿ ಕೊಡ್ತಾರಂದ್ರ ತೊಗರಿ ಎಲ್ಲಿಂದ ತರ್ತಾರ ಅದನ್ನ ಮೊದಲ ಕೇಳ್ರಿ. ಕಲಬುರಗಿ ತೊಗರಿಗೆ 2019ರಾಗ ಜಿಐ ಟ್ಯಾಗ್ ಬಂದದ, ಈ ನೆಲದ್ದ ಅನ್ನೂ ಸರ್ಕಾರಿ ಗುರುತು. ಇಲ್ಲಿ ರೈತ ರೇಟ್ ಇಲ್ಲಂತ ಅಳ್ತಾನ, ಟೆಂಡರ್ ಹಿಡದವ ಆಫ್ರಿಕಾದ ತೊಗರಿ ತಂದು ಪಾಕೀಟ್ ಮಾಡಿ ಕೊಟ್ರ ಏನ್ ಸುಖ? ನಮ್ಮ ಹೊಲದ್ದ ತಗೋರಿ, ನಮ್ಮ ಮಿಲ್ಲಿನ್ಯಾಗ ಒಡಸ್ರಿ. ಉಣ್ಣಾವನೂ ಬದಕ್ತಾನ ಬೆಳ್ಯಾವನೂ ಬದಕ್ತಾನ.

ಕುಚ್ಚಲಕ್ಕಿ ಗಂಜಿ
ಹಾಗಾದ್ರೆ ನಮ್ಮ ಜಿಲ್ಲೆಗೆ ತೆಂಗಿನೆಣ್ಣೆ ಹಾಕ್ಲಿಕ್ಕೆ ಹೇಳಿ. ಪಾಮೋಲಿನ್ ಕೊಟ್ರೆ ಮತ್ತೆ ಇದೇ ಚರ್ಚೆ, ಇದೇ ಆಟೋ.

ಮೂರೆಕ್ರೆ ಗೌಡ
ನಮ್ ಕಡೆ ರಾಗಿ ಬಿಡ್ಬೇಡಿ ಮತ್ತೆ.

ನ್ಯಾಯಬೆಲೆ
ಎಲ್ರೂ ಕೇಳಿದ್ದು ಕೊಡ್ತಾ ಹೋದ್ರೆ ನಾನು ಸೊಸೈಟಿ ಮುಚ್ಚಿ ಸೂಪರ್ ಮಾರ್ಕೆಟ್ ತೆಗೀಬೇಕಾಗುತ್ತೆ. ಒಂದೇ ಒಂದು ರೂಮು ಇರೋದು, ಅದ್ರಲ್ಲಿ ಇಲಿ ಕಾಟ ಬೇರೆ. ಚೀಲ ಆದ್ರೆ ಒಂದರ ಮೇಲೊಂದು ಜೋಡಿಸ್ಬಹುದು, ಎಣ್ಣೆ ಪಾಕೀಟ್ ಒಡೆದು ಸೋರಿದ್ರೆ ಅದು ಯಾರ ತಲೆಗೆ? ಇದನ್ನ ಮೀಟಿಂಗಲ್ಲಿ ಕೇಳಿದ್ರೆ ನೋಡೋಣ ಅಂದ್ರು.

ಸಿಲ್ಕ್‌ಬೋರ್ಡ್ ಸಂತ್ರಸ್ತ
@ನ್ಯಾಯಬೆಲೆ ಒಂದು ಕೇಳ್ಲಾ. ಅಂಗಡಿ ಹತ್ರ ಆ ಗಾಡಿಯವನು ನಿಂತಾಗ ಕಂಪ್ಲೇಂಟ್ ಕೊಡೋಕೆ ನಂಬರ್ ಇದ್ಯಾ? ಹೆಂಗಸ್ರ ಮೇಲೆ ಅಲ್ಲ, ಅವನ ಮೇಲೆ.

ನ್ಯಾಯಬೆಲೆ
ಇದೆ, 1967 ಅಂತ ಅಂಗಡಿ ಬೋರ್ಡ್ ಮೇಲೇ ಬರ್ದಿರುತ್ತೆ. ಗಾಡಿ ನಂಬರ್ ಬರ್ಕೊಂಡು ಹೇಳಿ. ಆದ್ರೆ ತಿಂಗಳ ಕೊನೇಲಿ ಹೇಳ್ಬೇಡಿ, ಅಷ್ಟೊತ್ತಿಗೆ ಅವನು ಬೇರೆ ತಾಲ್ಲೂಕಲ್ಲಿರ್ತಾನೆ.